ಗಲ್ಲಾಪೆಟ್ಟಿಗೆಯೂ ಲೆಕ್ಕದ ಪುಸ್ತಕವೂ

ಊರು ಬಿಟ್ಟು ದೂರದ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ದುಡಿಮೆಗೆ ಅಂಜಿದವರು ವಿರಳ. ಮುಂಬಯಿಯ ಮಾಟುಂಗಾದಿಂದ ಹಿಡಿದು ಪುಣೆ, ಹೈದರಾಬಾದುಗಳವರೆಗೆ ಹಬ್ಬಿರುವ ಉಡುಪಿ ಹೊಟೇಲುಗಳೇ ಇದಕ್ಕೆ ಸಾಕ್ಷಿ. ಹಗಲೆಲ್ಲ ಹೊಟೇಲಿನಲ್ಲಿ ದುಡಿದು, ಇರುಳು ಕನ್ನಡದ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು, ಕಾಲಕ್ರಮದಲ್ಲಿ ತಾವೇ ಮಾಲಿಕರಾದವರ ಕಥೆಗಳು ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಆದರೆ ಬಾಗಿಲು ತೆರೆದ ಅಂಗಡಿಗಳೆಲ್ಲವೂ ಉಳಿಯಲಿಲ್ಲವೆಂಬುದೂ ಅಷ್ಟೇ ಸತ್ಯ. ಗೆದ್ದವರ ಹೆಸರು ಉಳಿಯುತ್ತದೆ. ಎರಡು ವರ್ಷಗಳಲ್ಲಿ ಬೀಗ ಹಾಕಿ, ಸಾಲದ ಹೊರೆಯೊಡನೆ ಮತ್ತೆ ಇನ್ನೊಬ್ಬರ ಹೊಟೇಲಿಗೆ ಕೆಲಸಕ್ಕೆ ಸೇರಿದವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ.

ಹೀಗೆ ಮುಚ್ಚಿಹೋದ ವ್ಯಾಪಾರಗಳಿಗೆ ಕಾರಣಗಳನ್ನು ಹುಡುಕುವಾಗ ಜಾಗ ಸರಿಯಿರಲಿಲ್ಲ, ಬಾಡಿಗೆ ಹೆಚ್ಚಾಯಿತು, ಕೆಲಸದವರು ಕೈಕೊಟ್ಟರು, ಕಾಲ ಕೆಟ್ಟಿತ್ತು ಎಂಬ ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇವೆಲ್ಲವೂ ನಿಜವಾಗಿರಬಹುದು. ಆದರೆ ಇವುಗಳ ಹಿಂದೆ ಇನ್ನೊಂದು ಕಾರಣವು ಅನೇಕ ವೇಳೆ ಅಡಗಿರುತ್ತದೆ: ತನ್ನ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಉಳಿದುದರಲ್ಲಿ ತನ್ನದೆಷ್ಟು, ಪರರದೆಷ್ಟು ಎಂಬುದು ಮಾಲಿಕನಿಗೇ ತಿಳಿದಿರಲಿಲ್ಲ. ಜ್ವರ ಬಂದವನ ನಾಡಿಯನ್ನು ವೈದ್ಯನು ಮೊದಲು ನೋಡುವಂತೆ, ವ್ಯಾಪಾರದ ನಾಡಿಯನ್ನು ನೋಡುವ ಸಾಧನವೊಂದಿದೆ. ಅದೇ ಲೆಕ್ಕದ ಪುಸ್ತಕ. ಗಲ್ಲಾಪೆಟ್ಟಿಗೆಯು ಆ ಕೆಲಸವನ್ನು ಮಾಡಲಾರದು. ಮಾಡುವಂತೆ ತೋರಿ ಮೋಸಗೊಳಿಸುತ್ತದೆ.

ತುಂಬಿದ ಗಲ್ಲಾ, ಸೋರುವ ವ್ಯಾಪಾರ

ಊರಿನಿಂದ ಬಂದು, ಹತ್ತು ವರ್ಷ ಇನ್ನೊಬ್ಬರ ಹೊಟೇಲಿನಲ್ಲಿ ದುಡಿದು, ಉಪನಗರವೊಂದರಲ್ಲಿ ಸ್ವಂತದ ತಿಂಡಿ ಅಂಗಡಿಯನ್ನು ತೆರೆದ ತರುಣನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನ ಬಂಡವಾಳ ಒಟ್ಟು 6,00,000 ರೂಪಾಯಿ. ಅದರಲ್ಲಿ 2,00,000 ಸ್ವಂತ ಉಳಿತಾಯ. 4,00,000 ಸೋದರಮಾವನಿಂದ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ಪಡೆದ ಸಾಲ. ಈ ಹಣದಲ್ಲಿ ಗ್ರೈಂಡರು, ಫ್ರಿಜ್ಜು, ಪಾತ್ರೆ, ಮೇಜು ಕುರ್ಚಿಗಳಿಗೆ 3,60,000. ಜಾಗದ ಠೇವಣಿಗೆ 2,00,000. ಬಣ್ಣ, ಪರವಾನಗಿ ಮೊದಲಾದವುಗಳಿಗೆ 40,000 ಖರ್ಚಾಯಿತು.

ಅಂಗಡಿಗೆ ಗಿರಾಕಿಗಳ ಕೊರತೆಯಿಲ್ಲ. ದಿನಕ್ಕೆ ಸರಾಸರಿ 9,000 ರೂಪಾಯಿ ವ್ಯಾಪಾರ. ಅಂದರೆ ತಿಂಗಳಿಗೆ 2,70,000. ಕಿರಾಣಿ, ತರಕಾರಿ, ಹಾಲುಗಳಿಗೆ 1,20,000, ಕೆಲಸದವರ ಸಂಬಳಕ್ಕೆ 54,000, ಬಾಡಿಗೆ 40,000, ಗ್ಯಾಸು, ವಿದ್ಯುತ್ತು, ನೀರಿಗೆ 20,000, ದುರಸ್ತಿ ಮತ್ತು ಚಿಲ್ಲರೆ ವೆಚ್ಚ 6,000. ಒಟ್ಟು ಖರ್ಚು 2,40,000 ಆದುದರಿಂದ ಮಿಕ್ಕುವುದು 30,000 ರೂಪಾಯಿ. ಆದರೆ ಕಿರಾಣಿಯವನೂ ಹಾಲಿನವನೂ ಮುಂದಿನ ತಿಂಗಳು ಹಣ ಪಡೆಯುವವರು. ಅವರಿಗೆ ಸಲ್ಲಬೇಕಾದ 60,000 ರೂಪಾಯಿ ಇನ್ನೂ ಪಾವತಿಯಾಗಿಲ್ಲ. ಆದ್ದರಿಂದ ತಿಂಗಳ ಕೊನೆಯ ರಾತ್ರಿ ಗಲ್ಲಾದಲ್ಲಿಯೂ ಬ್ಯಾಂಕಿನಲ್ಲಿಯೂ ಕೂಡಿ ಅವನ ಕಣ್ಣಿಗೆ ಕಾಣುವುದು 90,000 ರೂಪಾಯಿ. ಹಿಗ್ಗಿದ ತರುಣನು ಊರಿನ ಮನೆಯ ಮಾಡನ್ನು ಸರಿಪಡಿಸಲು 50,000 ಕಳುಹಿಸುತ್ತಾನೆ. ಹತ್ತು ದಿನಗಳಲ್ಲಿ ಕಿರಾಣಿಯವನು ಬಾಗಿಲಲ್ಲಿ ನಿಂತಾಗ ಹಣವಿಲ್ಲ. ಅಂದಿನಿಂದ ಕೈಸಾಲದ ಸರಣಿ ಆರಂಭವಾಗುತ್ತದೆ.

ಇಷ್ಟೇ ಅಲ್ಲ. ಆ 30,000 ರೂಪಾಯಿಯಾದರೂ ನಿಜವಾದ ಲಾಭವೇ ಎಂದು ಪರೀಕ್ಷಿಸಬೇಕು. ಇನ್ನೊಬ್ಬರ ಹೊಟೇಲಿನಲ್ಲಿಯೇ ಉಳಿದಿದ್ದರೆ ಅವನಿಗೆ ತಿಂಗಳಿಗೆ 22,000 ರೂಪಾಯಿ ಸಂಬಳ ಬರುತ್ತಿತ್ತೆಂದು ಇಟ್ಟುಕೊಂಡರೆ, ಅವನ ಸ್ವಂತ ದುಡಿಮೆಯ ಬೆಲೆ ಅಷ್ಟು. ಸೋದರಮಾವನ ಬಡ್ಡಿ ತಿಂಗಳಿಗೆ 4,000. 3,60,000 ರೂಪಾಯಿಯ ಸಾಮಾನು ಐದು ವರ್ಷ ಬಾಳಿದರೆ ತಿಂಗಳೊಂದಕ್ಕೆ ಅದರ ಸವಕಳಿ 6,000. ಈ ಮೂರನ್ನೂ ಕೂಡಿಸಿದರೆ 32,000. ಅಂದರೆ ಗಿರಾಕಿಗಳಿಂದ ಕಿಕ್ಕಿರಿದ, ಗಲ್ಲಾದಲ್ಲಿ 90,000 ರೂಪಾಯಿ ತೋರಿಸುವ ಅಂಗಡಿಯು ವಾಸ್ತವವಾಗಿ ತಿಂಗಳಿಗೆ 2,000 ರೂಪಾಯಿ ನಷ್ಟದಲ್ಲಿ ನಡೆಯುತ್ತಿದೆ! ಬುದ್ಧಿವಂತನೂ ಶ್ರಮಜೀವಿಯೂ ಆದ ಈ ತರುಣನ ತಪ್ಪು ಒಂದೇ: ಅವನು ಹಣವನ್ನು ಎಣಿಸಿದನು, ಲೆಕ್ಕವನ್ನು ಬರೆಯಲಿಲ್ಲ.

ಪೂರ್ವಿಕರ ಎಚ್ಚರ

ಲೆಕ್ಕ ಬರೆಯುವುದು ಕನ್ನಡಿಗರಿಗೆ ಹೊಸ ವಿದ್ಯೆಯೇನೂ ಅಲ್ಲ. ಇಂದು ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟಿಗೆ ಬಳಸುವ ‘ಕಡತ’ ಎಂಬ ಪದವು ಮೂಲದಲ್ಲಿ ಬರವಣಿಗೆಯ ಒಂದು ಸಾಧನವನ್ನೇ ಸೂಚಿಸುತ್ತಿತ್ತು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದ ಕಡ್ಡಿಯಿಂದ ಅದರ ಮೇಲೆ ಬರೆಯುತ್ತಿದ್ದರು. ಊರಿನ ಶಾನುಭೋಗರೂ ವರ್ತಕರೂ ಲೆಕ್ಕಪತ್ರಗಳಿಗೆ ಇದನ್ನು ಬಳಸುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಹಳೆಯ ಕಡತಗಳು ಇಂದಿಗೂ ಸುರಕ್ಷಿತವಾಗಿವೆ. ಕಿರ್ದಿ, ಖತಾವಣಿ, ಜಮಾ, ಶಿಲ್ಕು, ಬಾಕಿ ಎಂಬ ಪದಗಳು ಉತ್ತರ ಕರ್ನಾಟಕದ ಪೇಟೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ.

ಪಾಶ್ಚಾತ್ಯರಲ್ಲಿ 1494ರಲ್ಲಿ ವೆನಿಸ್ ನಗರದಲ್ಲಿ ಮುದ್ರಿತವಾದ ಲೂಕಾ ಪಚೋಲಿ ಎಂಬ ಸಂನ್ಯಾಸಿಯ ಗಣಿತಗ್ರಂಥವು, ಅಲ್ಲಿನ ವರ್ತಕರಲ್ಲಿ ಮೊದಲೇ ರೂಢಿಯಲ್ಲಿದ್ದ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿತು. ವ್ಯಾಪಾರಿಯು ಎಲ್ಲಕ್ಕಿಂತ ಮೊದಲು ತನ್ನಲ್ಲಿ ಇರುವುದೇನು, ತಾನು ಕೊಡಬೇಕಾದುದೇನು ಎಂಬ ಪಟ್ಟಿಯನ್ನು ಬರೆಯಬೇಕೆಂಬುದು ಅದರ ಆರಂಭದ ಪಾಠ.

ಕರಾವಳಿಯ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ ಮತ್ತು ವಾಮನ ಕುಡ್ವರು ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಬಂದು ಎರಡಾಣೆಯಂತಹ ಅಲ್ಪ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದನು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಆ ಯೋಜನೆಯು ಕಲಿಸಿದ ಪಾಠ ಹಳತಾಗಿಲ್ಲ. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯು ಉಳಿತಾಯಕ್ಕೆ ಅನ್ವಯಿಸುವಂತೆ ಸೋರಿಕೆಗೂ ಅನ್ವಯಿಸುತ್ತದೆ. ಅಂದಂದಿನ ಸಣ್ಣ ಮೊತ್ತವನ್ನು ಅಂದಂದೇ ಬರೆಯುವ ಶಿಸ್ತೇ ಎರಡರಲ್ಲಿಯೂ ಮುಖ್ಯ.

ಬಾಗಿಲು ತೆರೆಯುವ ಮುನ್ನ

ಅಂಗಡಿಯ ಉದ್ಘಾಟನೆಯ ದಿನದಿಂದ ಲೆಕ್ಕ ಆರಂಭವಾಗುತ್ತದೆಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ಜಾಗ ನೋಡಲು ಹೋದ ದಿನದ ರೈಲು ಖರ್ಚಿನಿಂದಲೇ ಲೆಕ್ಕ ಆರಂಭವಾಗಬೇಕು. ದಲ್ಲಾಳಿಯ ಕಮಿಷನ್ನು, ಕರಾರುಪತ್ರದ ಮುದ್ರಾಂಕ, ಪರವಾನಗಿ ಶುಲ್ಕ, ಬಡಗಿಗೆ ಕೊಟ್ಟ ಮುಂಗಡ ಇವೆಲ್ಲವೂ ಬಂಡವಾಳದಿಂದಲೇ ಹೋಗುವ ಹಣ. ಬರೆಯದಿದ್ದರೆ ಆರು ತಿಂಗಳ ಬಳಿಕ ‘ಒಟ್ಟು ಎಷ್ಟು ಹಾಕಿದೆ?’ ಎಂಬ ಪ್ರಶ್ನೆಗೆ ಮಾಲಿಕನೇ ಉತ್ತರಿಸಲಾರನು.

ಈ ಹಂತದಲ್ಲಿ ಮೂರು ಬಗೆಯ ಹಣವನ್ನು ಬೇರೆಬೇರೆಯಾಗಿ ಗುರುತಿಸಬೇಕು. ಜಾಗದ ಠೇವಣಿಯು ಖರ್ಚಲ್ಲ. ಜಾಗ ಬಿಡುವಾಗ ಹಿಂದಿರುಗಿ ಬರಬೇಕಾದ ಹಣ. ಗ್ರೈಂಡರು, ಫ್ರಿಜ್ಜುಗಳು ಒಂದೇ ತಿಂಗಳ ಖರ್ಚಲ್ಲ. ಹಲವು ವರ್ಷ ದುಡಿಯುವ ಆಸ್ತಿ. ಬಣ್ಣ, ಪರವಾನಗಿ, ಉದ್ಘಾಟನೆಯ ಸಿಹಿತಿಂಡಿಗಳು ಮಾತ್ರ ಖರ್ಚು. ಮುಂಬಯಿಯಲ್ಲಿ ಹೊಟೇಲನ್ನು ‘ಕಂಡಕ್ಟಿಂಗ್’ ಕರಾರಿನ ಮೇಲೆ ಪಡೆದು ನಡೆಸುವವರು ಈ ಭೇದವನ್ನು ವಿಶೇಷವಾಗಿ ಗಮನಿಸಬೇಕು. ಒಳಗಿರುವ ಸಾಮಾನಿನಲ್ಲಿ ಮೂಲ ಮಾಲಿಕನದೆಷ್ಟು, ನಡೆಸುವವನು ಕೊಂಡು ತಂದದ್ದೆಷ್ಟು ಎಂಬ ಪಟ್ಟಿಗೆ ಇಬ್ಬರೂ ಮೊದಲ ದಿನವೇ ಸಹಿ ಹಾಕಿಟ್ಟುಕೊಂಡರೆ ಕರಾರು ಮುಗಿಯುವ ದಿನದ ಜಗಳ ತಪ್ಪುತ್ತದೆ.

ಸಾಲವನ್ನು ಯಾರಿಂದ, ಯಾವ ದಿನ, ಎಷ್ಟು, ಯಾವ ಬಡ್ಡಿಗೆ ಪಡೆಯಲಾಯಿತೆಂಬುದನ್ನೂ ಮೊದಲ ಪುಟದಲ್ಲಿಯೇ ಬರೆಯಬೇಕು. ನೆಂಟರಿಂದ ಪಡೆದ ಸಾಲವನ್ನೂ ಬ್ಯಾಂಕಿನ ಮೂಲಕವೇ ಪಡೆಯುವುದು ಶ್ರೇಯಸ್ಕರವಷ್ಟೇ ಅಲ್ಲ, ಅನಿವಾರ್ಯ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸುತ್ತದೆ. ಪಡೆದ ಮೊತ್ತದಷ್ಟೇ ದಂಡ ಬೀಳುವ ಸಂಭವವಿದೆ. ಊರಿಗೆ ಹೋದಾಗ ಮಾವನು ಪ್ರೀತಿಯಿಂದ ಚೀಲದಲ್ಲಿ ಕಟ್ಟಿಕೊಟ್ಟ ನಗದೂ ಈ ನಿಯಮಕ್ಕೆ ಹೊರತಲ್ಲ.

ಪ್ರತಿ ರಾತ್ರಿಯ ಕಾಲು ಗಂಟೆ

ಸಣ್ಣ ವ್ಯಾಪಾರಕ್ಕೆ ಹತ್ತಾರು ಪುಸ್ತಕಗಳು ಬೇಕಿಲ್ಲ. ಅಂದಂದಿನ ಜಮಾ-ಖರ್ಚು ಬರೆಯುವ ಕಿರ್ದಿ ಪುಸ್ತಕವೊಂದು. ಬಾಡಿಗೆ, ಸಂಬಳ, ಕಿರಾಣಿ ಎಂದು ಬಾಬುವಾರು ವಿಂಗಡಿಸುವ ಖಾತೆ ಪುಸ್ತಕವೊಂದು. ಬರುವ ಮತ್ತು ಕೊಡುವ ಬಾಕಿಗಳ ಪುಸ್ತಕವೊಂದು. ಕೆಲಸದವರ ಹಾಜರಿ, ಸಂಬಳ, ಮುಂಗಡಗಳ ಪುಸ್ತಕವೊಂದು. ರಸೀದಿ, ಬಿಲ್ಲುಗಳನ್ನು ತಾರೀಖಿನ ಕ್ರಮದಲ್ಲಿ ಪೋಣಿಸಿಡುವ ಫೈಲೊಂದು. ಆರಂಭಕ್ಕೆ ಇಷ್ಟು ಸಾಕು. ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ಬರೆಯಬಲ್ಲವರು ಹಾಗೆಯೇ ಮಾಡಬಹುದು. ಸಾಧನ ಯಾವುದಾದರೂ ಅಡ್ಡಿಯಿಲ್ಲ. ಪ್ರತಿದಿನ ಬರೆಯುವುದು ಮುಖ್ಯ.

ಇವುಗಳಲ್ಲಿ ಕಿರ್ದಿಯೇ ಪ್ರಾಣ. ಅದರ ವಿಧಾನ ಅತ್ಯಂತ ಸರಳ. ಬೆಳಗಿನ ಆರಂಭದ ಶಿಲ್ಕು 3,200 ರೂಪಾಯಿ. ದಿನದ ನಗದು ವ್ಯಾಪಾರ 4,900. ಮೊಬೈಲಿನ ಮೂಲಕ ನೇರವಾಗಿ ಬ್ಯಾಂಕಿಗೆ ಬಂದದ್ದು 4,300. ನಗದಿನಿಂದ ಕೊಟ್ಟದ್ದು: ತರಕಾರಿಗೆ 1,150, ಹಾಲಿಗೆ 900, ಕೆಲಸದವನಿಗೆ ಮುಂಗಡ 500, ಮಾಲಿಕನ ಮನೆಗೆ 1,000, ಒಟ್ಟು 3,550. ಆಗ ಗಲ್ಲಾದಲ್ಲಿ ಉಳಿಯಬೇಕಾದದ್ದು 3,200ಕ್ಕೆ 4,900 ಕೂಡಿಸಿ 3,550 ಕಳೆದರೆ ಬರುವ 4,550 ರೂಪಾಯಿ. ಎಣಿಸಿದಾಗ 4,430 ಮಾತ್ರ ಇದೆಯೆಂದಿಟ್ಟುಕೊಂಡರೆ, ‘ಕೊರತೆ 120’ ಎಂದು ಹಾಗೆಯೇ ಬರೆಯಬೇಕು. ಜೇಬಿನಿಂದ 120 ಹಾಕಿ ಸರಿದೂಗಿಸುವುದಾಗಲಿ, ಖರ್ಚನ್ನು ಹೆಚ್ಚು ಬರೆದು ಮುಚ್ಚುವುದಾಗಲಿ ಸಲ್ಲದು. ಒಂದು ದಿನದ ಕೊರತೆಯು ಮರೆವಿನಿಂದಾಗಿರಬಹುದು. ಪ್ರತಿ ಭಾನುವಾರ ಕೊರತೆ ಬೀಳುತ್ತಿದ್ದರೆ ಅದಕ್ಕೊಂದು ಕಾರಣವಿದ್ದೇ ಇರುತ್ತದೆ. ಸರಿದೂಗಿಸಿದ ಲೆಕ್ಕದಲ್ಲಿ ಆ ಕಾರಣವು ಎಂದಿಗೂ ಗೋಚರಿಸದು.

ತರಕಾರಿ ಮಾರುಕಟ್ಟೆಯಲ್ಲಿಯೂ ಹಮಾಲರಿಂದಲೂ ಬಿಲ್ಲು ದೊರೆಯುವುದಿಲ್ಲವೆಂಬುದು ನಿಜ. ಅಂತಹ ಪಾವತಿಗಳಿಗೆ ತಾರೀಖು, ಮೊತ್ತ, ಯಾವುದಕ್ಕಾಗಿ, ಯಾರಿಗೆ ಎಂಬುದನ್ನು ಬರೆದು ಹಣ ಪಡೆದವನ ಸಹಿಯನ್ನೋ, ಕೊಟ್ಟ ಕೆಲಸದವನ ಸಹಿಯನ್ನೋ ಪಡೆದ ಚೀಟಿಯೊಂದನ್ನು ಇರಿಸಿಕೊಳ್ಳಬೇಕು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ಖರ್ಚನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಒಪ್ಪುವುದಿಲ್ಲವಾದ್ದರಿಂದ ದೊಡ್ಡ ಪಾವತಿಗಳು ಬ್ಯಾಂಕಿನ ಮೂಲಕ ನಡೆಯುವುದು ಹಿತಕರ.

ಮನೆ ಬೇರೆ, ಅಂಗಡಿ ಬೇರೆ

ವಲಸಿಗನ ಸಂಸಾರ ಎರಡು ಕಡೆ ಇರುತ್ತದೆ: ನಗರದ ಬಾಡಿಗೆ ಮನೆ ಒಂದು, ಊರಿನ ಹಿರಿಯರ ಮನೆ ಇನ್ನೊಂದು. ತಂಗಿಯ ಮದುವೆ, ತಂದೆಯ ಔಷಧಿ, ದೈವಸ್ಥಾನದ ಜೀರ್ಣೋದ್ಧಾರ ಇವೆಲ್ಲಕ್ಕೂ ಗಲ್ಲಾವೇ ಆಧಾರ. ಕೊಡುವುದು ತಪ್ಪಲ್ಲ. ಅಂಗಡಿಯ ಖರ್ಚಿನೊಡನೆ ಬೆರೆಸಿ ಕೊಡುವುದು ತಪ್ಪು. ಮಾಲಿಕನು ತನಗೂ ಒಂದು ನಿಶ್ಚಿತ ಸಂಬಳವನ್ನು ಗೊತ್ತುಮಾಡಿಕೊಂಡು, ಅದರಿಂದಲೇ ಮನೆಯನ್ನು ನಡೆಸಬೇಕು. ಅದಕ್ಕಿಂತ ಹೆಚ್ಚು ಪಡೆದರೆ ‘ಮಾಲಿಕನ ಪಡಿ’ ಎಂಬ ಬೇರೆ ಖಾತೆಗೆ ಬರೆಯಬೇಕು. ವರ್ಷಾಂತ್ಯಕ್ಕೆ ಆ ಖಾತೆಯ ಮೊತ್ತವು ಲಾಭಕ್ಕಿಂತ ಹೆಚ್ಚಾಗಿದ್ದರೆ, ಸಂಸಾರವು ಬಂಡವಾಳವನ್ನೇ ತಿನ್ನುತ್ತಿದೆಯೆಂದು ತಿಳಿಯಬಹುದು.

ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆಯಿರುವುದು ಈ ಕಾಲದಲ್ಲಿ ಇನ್ನೂ ಅವಶ್ಯಕ. 2016ರಲ್ಲಿ ಯುಪಿಐ ವ್ಯವಸ್ಥೆಯು ಬಂದ ಬಳಿಕ ಗಿರಾಕಿಯು ಗೋಡೆಯ ಮೇಲಿನ ಕ್ಯೂಆರ್ ಚಿತ್ರಕ್ಕೆ ಮೊಬೈಲು ಹಿಡಿದು ಹಣ ಕೊಡುತ್ತಾನೆ. ಪ್ರತಿಯೊಂದು ಪಾವತಿಯೂ ಎಲ್ಲಿಯೋ ದಾಖಲಾಗಿರುತ್ತದೆ. ಬರೆಯದವನ ಲೆಕ್ಕವನ್ನು ಇತರರು ಬರೆದಿಡುವ ಕಾಲವಿದು. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳನ್ನು ಕಳುಹಿಸಿದಾಗ ಬೆಂಗಳೂರಿನ ಬೇಕರಿ, ಚಹದಂಗಡಿ, ತರಕಾರಿ ಅಂಗಡಿಗಳಲ್ಲಿ ಕೋಲಾಹಲವೇ ಉಂಟಾಯಿತು. ಕೆಲವರು ಕ್ಯೂಆರ್ ಚಿತ್ರಗಳನ್ನೇ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬರೆದರು. ನೋಂದಣಿ ಮಾಡಿಸಿಕೊಳ್ಳಲು ಸೂಚಿಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರವು ಅದೇ ತಿಂಗಳು ಪ್ರಕಟಿಸಿತು.

ಈ ಪ್ರಸಂಗದಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಖಾತೆಗೆ ಬಂದ ಹಣವೆಲ್ಲವೂ ವ್ಯಾಪಾರವಲ್ಲ. ಅದರಲ್ಲಿ ತಮ್ಮನು ಹಿಂದಿರುಗಿಸಿದ ಕೈಸಾಲವಿರಬಹುದು, ನೆಂಟರು ಕಳುಹಿಸಿದ ಹಣವಿರಬಹುದು. ವ್ಯಾಪಾರವೆಲ್ಲವೂ ತೆರಿಗೆಗೆ ಒಳಪಡುವುದಲ್ಲ. ತಾಜಾ ತರಕಾರಿ, ಹಾಲುಗಳಿಗೆ ಜಿಎಸ್‌ಟಿ ಇಲ್ಲ. ಆದರೆ ಇದನ್ನು ತೋರಿಸಿಕೊಡುವ ಹೊಣೆ ವ್ಯಾಪಾರಿಯದು. ಕಿರ್ದಿಯೂ ಖರೀದಿಯ ಚೀಟಿಗಳೂ ಇದ್ದವನು ನೋಟೀಸಿಗೆ ಉತ್ತರ ಕೊಡಬಲ್ಲನು. ಇಲ್ಲದವನಿಗೆ ಭಯವೊಂದೇ ಗತಿ.

ಕೊಡುವ ಬಾಕಿ, ಬರುವ ಬಾಕಿ

‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಗಾದೆಯನ್ನು ಅನುಭವದಿಂದ ಅರಿಯದ ಅಂಗಡಿಕಾರನಿಲ್ಲ. ಹತ್ತಿರದ ಕಚೇರಿಗೆ ತಿಂಗಳ ಬಾಬತ್ತಿನಲ್ಲಿ ಊಟ ಕಳುಹಿಸುವವರು, ಪರಿಚಿತರಿಗೆ ಉದ್ರಿ ಕೊಡುವವರು ಪ್ರತಿಯೊಬ್ಬರಿಗೂ ಒಂದೊಂದು ಪುಟವನ್ನು ಮೀಸಲಿಟ್ಟು, ಕೊಟ್ಟ ದಿನ, ಮೊತ್ತ, ಮರಳಿ ಬಂದ ದಿನಗಳನ್ನು ಬರೆಯಬೇಕು. ಮಾರಿದ ಸರಕಿನ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯನ್ನು ಮಾತ್ರ ಕೊಡುತ್ತದೆ. ಆ ಅವಧಿ ಮುಗಿಯುವ ಮೊದಲು ಬಾಕಿದಾರನು ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ, ಅಂದಿನಿಂದ ಹೊಸ ಅವಧಿ ಆರಂಭವಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಬಾಕಿಯ ಪುಟವನ್ನು ತೋರಿಸಿ ಸಹಿ ಪಡೆಯುವ ಕ್ರಮವು ಇದರಿಂದಾಗಿ ಬಹು ಉಪಯುಕ್ತ.

ಕ್ರಮಬದ್ಧವಾಗಿ ಬರೆದ ಲೆಕ್ಕದ ಪುಸ್ತಕವು ನ್ಯಾಯಾಲಯದಲ್ಲಿ ಗಣನೆಗೆ ಬರುವ ಸಾಕ್ಷ್ಯ. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ತತ್ತ್ವವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಆದರೆ ಪುಸ್ತಕದಲ್ಲಿ ಬರೆದಿದೆಯೆಂಬ ಮಾತ್ರಕ್ಕೆ ಇನ್ನೊಬ್ಬನ ಮೇಲೆ ಹೊಣೆ ಹೊರಿಸಲಾಗದೆಂದೂ ಅದೇ ಕಾನೂನು ಹೇಳುತ್ತದೆ. ಆದ್ದರಿಂದ ಪುಸ್ತಕದ ಜೊತೆಗೆ ಬಿಲ್ಲು, ಸಹಿ, ಬ್ಯಾಂಕಿನ ದಾಖಲೆಗಳ ಬೆಂಬಲವೂ ಬೇಕು. ಎಲ್ಲವನ್ನೂ ವರ್ಷದ ಕೊನೆಯಲ್ಲಿ ಒಂದೇ ಶಾಯಿಯಲ್ಲಿ ಬರೆದು ಮುಗಿಸಿದ ಪುಸ್ತಕಕ್ಕೆ ಯಾರೂ ಬೆಲೆ ಕೊಡುವುದಿಲ್ಲ.

ಪಾಲುದಾರರ ನಡುವೆ

ನಗರಗಳಲ್ಲಿ ಕನ್ನಡಿಗರ ಅನೇಕ ವ್ಯಾಪಾರಗಳು ಅಣ್ಣತಮ್ಮಂದಿರ, ಭಾವಮೈದುನರ, ಒಂದೇ ಊರಿನ ಗೆಳೆಯರ ಪಾಲುದಾರಿಕೆಯಲ್ಲಿ ಆರಂಭವಾಗುತ್ತವೆ. ‘ನಮ್ಮೊಳಗೆ ಲೆಕ್ಕವೇಕೆ?’ ಎಂಬ ಔದಾರ್ಯವು ಮೊದಲ ವರ್ಷದಲ್ಲಿ ಮಧುರವಾಗಿರುತ್ತದೆ. ಐದನೆಯ ವರ್ಷದಲ್ಲಿ ಅದೇ ಮಾತು ವೈಮನಸ್ಯಕ್ಕೆ ಮೂಲವಾಗುತ್ತದೆ. ಒಬ್ಬನು ಹೆಚ್ಚು ಹಣ ಹಾಕಿರುತ್ತಾನೆ, ಇನ್ನೊಬ್ಬನು ಹೆಚ್ಚು ದುಡಿದಿರುತ್ತಾನೆ. ಬರಹವಿಲ್ಲದಿರುವಾಗ ಇಬ್ಬರಿಗೂ ತನಗೆ ಅನ್ಯಾಯವಾಯಿತೆಂಬ ಭಾವನೆ ಪ್ರಾಮಾಣಿಕವಾಗಿಯೇ ಮೂಡುತ್ತದೆ.

1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರರು ಲಾಭವನ್ನೂ ನಷ್ಟವನ್ನೂ ಸಮನಾಗಿ ಹಂಚಿಕೊಳ್ಳಬೇಕು. ನಾಲ್ಕು ಲಕ್ಷ ಹಾಕಿದವನಿಗೂ ಒಂದು ಲಕ್ಷ ಹಾಕಿದವನಿಗೂ ಸಮಪಾಲು! ಬಂಡವಾಳದ ಮೇಲೆ ಮುಂಗಡವಾಗಿ ಕೊಟ್ಟ ಹಣಕ್ಕೆ ವರ್ಷಕ್ಕೆ ನೂರಕ್ಕೆ 6ರಂತೆ ಬಡ್ಡಿ ಸಲ್ಲುತ್ತದೆ. ದುಡಿದವನಿಗೆ ಪ್ರತ್ಯೇಕ ಸಂಬಳದ ಹಕ್ಕಿಲ್ಲ. ಇದು ತಮಗೆ ಒಪ್ಪಿಗೆಯಾಗದಿದ್ದರೆ ಮೊದಲೇ ಪತ್ರ ಬರೆಸಿಕೊಳ್ಳಬೇಕು. ಪಾಲುದಾರರು ಪರಸ್ಪರ ಸರಿಯಾದ ಲೆಕ್ಕ ಒಪ್ಪಿಸಲು ಬಾಧ್ಯರೆಂದೂ ಅದೇ ಕಾಯಿದೆ ವಿಧಿಸಿದೆ. ಪ್ರತಿಯೊಬ್ಬನ ಹೆಸರಿನಲ್ಲಿ ಬಂಡವಾಳದ ಖಾತೆಯನ್ನು ತೆರೆದು, ತಿಂಗಳಿಗೊಮ್ಮೆ ಇಬ್ಬರೂ ಕುಳಿತು ಓದಿ ಸಹಿ ಹಾಕುವುದು ಅವಿಶ್ವಾಸದ ಗುರುತಲ್ಲ. ವಿಶ್ವಾಸವು ಬಹುಕಾಲ ಬಾಳಲೆಂದು ಹಾಕುವ ಬೇಲಿ ಅದು.

ಕಾನೂನು ಕೇಳುವುದು

ಸಣ್ಣ ವ್ಯಾಪಾರಿಗೆ ಕಾನೂನು ಕೆಲವು ಸೌಲಭ್ಯಗಳನ್ನು ಕೊಟ್ಟಿದೆ. ವಾರ್ಷಿಕ ವ್ಯಾಪಾರವು 2 ಕೋಟಿ ರೂಪಾಯಿಗೆ ಮೀರದಿದ್ದರೆ, ನಗದಿನ ಪಾಲು ನೂರಕ್ಕೆ 5ಕ್ಕಿಂತ ಹೆಚ್ಚಿರದಿದ್ದಲ್ಲಿ 3 ಕೋಟಿಗೆ ಮೀರದಿದ್ದರೆ, ಅಂದಾಜು ಲಾಭದ ಪದ್ಧತಿಯಂತೆ ಆದಾಯ ತೆರಿಗೆಯನ್ನು ಕೊಡಬಹುದು. ನಗದು ವ್ಯಾಪಾರದ ನೂರಕ್ಕೆ 8ನ್ನೂ ಬ್ಯಾಂಕಿನ ಮೂಲಕ ಬಂದ ವ್ಯಾಪಾರದ ನೂರಕ್ಕೆ 6ನ್ನೂ ಕನಿಷ್ಠ ಲಾಭವೆಂದು ಇದರಲ್ಲಿ ಎಣಿಸಲಾಗುತ್ತದೆ. ಸವಿಸ್ತಾರ ಲೆಕ್ಕಪುಸ್ತಕಗಳನ್ನು ಇಲಾಖೆಯು ಕೇಳುವುದಿಲ್ಲ. ಇದನ್ನು ಕೇಳಿ ಅನೇಕರು ಪುಸ್ತಕವನ್ನೇ ಬಿಟ್ಟುಬಿಡುತ್ತಾರೆ. ಆದರೆ ಇಲಾಖೆಯು ಕೇಳದಿದ್ದರೂ ವ್ಯಾಪಾರವು ಕೇಳುತ್ತದೆ. ಒಟ್ಟು ವ್ಯಾಪಾರ ಎಷ್ಟೆಂಬುದು ಗೊತ್ತಾಗಲೂ ಲೆಕ್ಕವೇ ಬೇಕಷ್ಟೆ!

2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಹೊಟೇಲು ಮೊದಲಾದ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ನೋಂದಣಿಯ ಗಡಿ. ಸರಕನ್ನು ಮಾತ್ರ ಮಾರುವವರಿಗೆ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು, ದಿಲ್ಲಿಗಳಲ್ಲಿ ಈ ಗಡಿ 40 ಲಕ್ಷ. ತೆಲಂಗಾಣದಲ್ಲಿ 20 ಲಕ್ಷ. ಮೇಲೆ ಹೇಳಿದ ತರುಣನ ಅಂಗಡಿಯು ಏಪ್ರಿಲಿನಲ್ಲಿ ಆರಂಭವಾಗಿದ್ದರೆ, ತಿಂಗಳಿಗೆ 2,70,000ದಂತೆ ಎಂಟನೆಯ ತಿಂಗಳಲ್ಲಿಯೇ 20 ಲಕ್ಷವನ್ನು ದಾಟುತ್ತದೆ. ಕಿರ್ದಿಯನ್ನು ಕೂಡಿಸುತ್ತಿದ್ದವನಿಗೆ ಇದು ಮೊದಲೇ ಕಾಣುತ್ತದೆ. ನೋಂದಣಿಯಾದ ಮೇಲೆ ಗಿರಾಕಿಯಿಂದ ತೆರಿಗೆಯೆಂದು ಪಡೆದ ಹಣವನ್ನು ಬೇರೆ ಅಂಕಣದಲ್ಲಿ ಬರೆಯಬೇಕು. ಅದು ಗಲ್ಲಾದಲ್ಲಿದ್ದರೂ ಸರ್ಕಾರದ್ದು. ವಾರ್ಷಿಕ ವಿವರಣೆಯ ಕಡೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಿಡಬೇಕೆಂಬುದೂ ಈ ಕಾನೂನಿನ ನಿಯಮ. ಇಂತಹ ವಿಷಯಗಳಲ್ಲಿ ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ವೆಚ್ಚವೆನಿಸಿದರೂ ಉಳಿತಾಯವೇ ಸರಿ.

ತಿಂಗಳ ಕೊನೆಯ ಪರೀಕ್ಷೆ

ಹಿಂದೆ ವರ್ತಕರು ದೀಪಾವಳಿಯಿಂದ ದೀಪಾವಳಿಗೆ ಲೆಕ್ಕದ ವರ್ಷವನ್ನು ಎಣಿಸಬಹುದಾಗಿತ್ತು. 1989ರಿಂದ ಈಚೆಗೆ ಆದಾಯ ತೆರಿಗೆಗಾಗಿ ಎಲ್ಲರಿಗೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಒಂದೇ ವರ್ಷ. ಆದರೆ ಪರೀಕ್ಷೆಗೆ ವರ್ಷಾಂತ್ಯದವರೆಗೆ ಕಾಯಬಾರದು. ಪ್ರತಿ ತಿಂಗಳ ಕೊನೆಗೆ ಉಳಿದ ಅಕ್ಕಿ, ಬೇಳೆ, ಎಣ್ಣೆಗಳನ್ನು ತೂಗಿ ದಾಸ್ತಾನಿನ ಬೆಲೆಯನ್ನು ಬರೆಯಬೇಕು. ಬ್ಯಾಂಕಿನ ಪಟ್ಟಿಯನ್ನು ಕಿರ್ದಿಯೊಡನೆ ಹೋಲಿಸಬೇಕು. ಕೊಡಬೇಕಾದ ಬಾಕಿ, ಬಡ್ಡಿ, ಸವಕಳಿ, ಸ್ವಂತ ಸಂಬಳಗಳನ್ನು ಕಳೆದ ಮೇಲೆಯೇ ಲಾಭವನ್ನು ಹೇಳಬೇಕು.

ಹೀಗೆ ಮಾಡಿದ್ದರೆ ಆ ತರುಣನಿಗೆ ಏನು ಕಾಣುತ್ತಿತ್ತು? 2,70,000ದ ವ್ಯಾಪಾರದಲ್ಲಿ 1,20,000, ಅಂದರೆ ನೂರಕ್ಕೆ 44ಕ್ಕೂ ಹೆಚ್ಚು ಭಾಗ ಸಾಮಗ್ರಿಗೇ ಹೋಗುತ್ತಿದೆಯೆಂಬುದು ಮೊದಲ ತಿಂಗಳಲ್ಲಿಯೇ ಕಾಣುತ್ತಿತ್ತು. ಉಳಿದ ಹಿಟ್ಟು ಹುಳಿತು ಚೆಲ್ಲುವುದು, ಅಳತೆಯಿಲ್ಲದೆ ಬಡಿಸುವ ಚಟ್ನಿ, ಒಬ್ಬನೇ ಕಿರಾಣಿಯವನು ಹೇಳಿದ ದರ ಇವುಗಳನ್ನು ಸರಿಪಡಿಸಿ ಆ ಪ್ರಮಾಣವನ್ನು ನೂರಕ್ಕೆ 40ಕ್ಕೆ ಇಳಿಸಿದರೆ ಸಾಮಗ್ರಿಯ ಖರ್ಚು 1,08,000ಕ್ಕೆ ಬರುತ್ತದೆ. ತಿಂಗಳಿಗೆ 2,000ದ ನಷ್ಟವು 10,000ದ ಲಾಭವಾಗಿ ಮಾರ್ಪಡುತ್ತದೆ. ಗಿರಾಕಿ ಅವರೇ, ಜಾಗ ಅದೇ, ದುಡಿಮೆ ಅಷ್ಟೇ. ಊರಿನ ಮನೆಯ ಮಾಡೂ ತುಸು ತಡವಾಗಿಯಾದರೂ ಸಾಲವಿಲ್ಲದೆ ಸರಿಯಾಗುತ್ತಿತ್ತು.

ಪರಸ್ಥಳದಲ್ಲಿ ಅಂಗಡಿ ತೆರೆಯುವವನ ಹಿಂದೆ ಒಬ್ಬನ ಹಣವಷ್ಟೇ ಇರುವುದಿಲ್ಲ. ತಾಯಿಯ ಬಳೆ, ಮಾವನ ಉಳಿತಾಯ, ಗೆಳೆಯನ ವಿಶ್ವಾಸ ಇವೆಲ್ಲವೂ ಆ ಬಂಡವಾಳದಲ್ಲಿ ಬೆರೆತಿರುತ್ತವೆ. ಇವರೆಲ್ಲರಿಗೂ ‘ನಿಮ್ಮ ಹಣ ಇಂದು ಇಲ್ಲಿದೆ, ಇಷ್ಟಿದೆ’ ಎಂದು ಯಾವ ದಿನ ಬೇಕಾದರೂ ತೋರಿಸಬಲ್ಲವನೇ ನಿಶ್ಚಿಂತೆಯಿಂದ ನಿದ್ದೆ ಮಾಡಬಲ್ಲನು. ದಿನದ ಕಾಲು ಗಂಟೆ, ಒಂದು ಪುಸ್ತಕ, ಒಂದು ಲೇಖನಿ ಇಷ್ಟೇ ಅದಕ್ಕೆ ತಗಲುವ ವೆಚ್ಚ. ಹೊಸದಾಗಿ ವ್ಯಾಪಾರಕ್ಕೆ ಕಾಲಿಡುವ ತರುಣ ತರುಣಿಯರು ಅಂಗಡಿಗೆ ಗಲ್ಲಾಪೆಟ್ಟಿಗೆಯನ್ನು ಕೊಳ್ಳುವ ದಿನವೇ ಲೆಕ್ಕದ ಪುಸ್ತಕವನ್ನೂ ಕೊಂಡು, ಅದರ ಮೊದಲ ಸಾಲಿನಲ್ಲಿ ಆ ಪುಸ್ತಕದ ಬೆಲೆಯನ್ನೇ ಖರ್ಚಾಗಿ ಬರೆದರೆ ಶುಭಾರಂಭವಾದಂತೆಯೇ ಸರಿ.